ಒಂದು ಮಾಡಿ ಕಳಿಸುವುದಷ್ಟೇ ಮಧ್ಯಸ್ಥಿಕೆ ಅಲ್ಲ

ಸಂಪಾದಕರೇ, ನಮಸ್ಕಾರ.

ಲೋಕ ಅದಾಲತ್ ಮುಗಿದ ಮರುದಿನ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಗಂಡ ಹೆಂಡತಿ ಹಾರ ಬದಲಾಯಿಸಿಕೊಳ್ಳುತ್ತಿರುತ್ತಾರೆ, ಪಕ್ಕದಲ್ಲಿ ನ್ಯಾಯಾಧೀಶರು, ಹಿಂದೆ ಕರಿಕೋಟು ಹಾಕಿಕೊಂಡ ನಾವು. ಮುನಿಸು ಮರೆತು ಒಂದಾದರು ಅಂತ ತಲೆಬರಹ. ಹಾಕಿ, ಬೇಡ ಅನ್ನುವುದಿಲ್ಲ. ಒಂದಾಗುವ ಮನಸ್ಸಿದ್ದವರು ಒಂದಾದರೆ ಯಾರಿಗೆ ತಾನೇ ಬೇಜಾರು? ಆದರೆ ವರ್ಷಾನುಗಟ್ಟಲೆ ಇದೊಂದೇ ಫೋಟೊ ನೋಡಿ ನೋಡಿ ಜನರ ತಲೆಯಲ್ಲಿ ಒಂದು ನಂಬಿಕೆ ಕೂತುಬಿಟ್ಟಿದೆ. ಮಧ್ಯಸ್ಥಿಕೆ ಅಂದರೆ ಬುದ್ಧಿ ಹೇಳಿ, ಸಮಾಧಾನ ಮಾಡಿ, ವಾಪಸ್ ಮನೆಗೆ ಕಳಿಸುವುದು ಅಂತ.

ಇದರಿಂದ ಆಗುವ ತೊಂದರೆ ನಮ್ಮಂಥವರಿಗೆ ದಿನಾ ಕಾಣುತ್ತದೆ. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲೆ. ಜಾಸ್ತಿ ನೋಡುವುದು ಫ್ಯಾಮಿಲಿ ಕೇಸುಗಳನ್ನೇ. ‘ಮೀಡಿಯೇಷನ್‌ಗೆ ಹಾಕಿದ್ದಾರೆ’ ಅಂದ ತಕ್ಷಣ ಹೆಣ್ಣುಮಗಳ ಮುಖ ಇಳಿದುಹೋಗುತ್ತದೆ. ‘ಮೇಡಂ, ಮತ್ತೆ ಆ ಮನೆಗೇ ಹೋಗು ಅಂತಾರಾ?’ ಗಂಡನ ಕಡೆಯವರು ‘ಯಾರದೋ ಮುಂದೆ ಕೂತು ಬುದ್ಧಿ ಹೇಳಿಸಿಕೊಳ್ಳಬೇಕಾ, ಸುಮ್ನೆ ಒಂದು ಡೇಟ್ ತಗೊಳ್ಳಿ ಸಾರ್’ ಅಂತ ತಮ್ಮ ವಕೀಲರಿಗೆ ಹೇಳುತ್ತಾರೆ. ಇಬ್ಬರೂ ಮನಸ್ಸಿಲ್ಲದೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಬೇರೆಯಾಗಬೇಕು ಅಂತ ತೀರ್ಮಾನ ಮಾಡಿಯೇ ಬಂದವರಿಗೂ ಅಲ್ಲಿ ಕೆಲಸವಿದೆ, ನಿಜ ಹೇಳಬೇಕೆಂದರೆ ಅವರಿಗೇ ಜಾಸ್ತಿ ಕೆಲಸವಿದೆ ಅನ್ನುವುದು ಬಹಳ ಜನರಿಗೆ ಗೊತ್ತೇ ಇಲ್ಲ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಜಾಗ ಸಾಲದಿದ್ದರೆ ಕತ್ತರಿಸಿ. ಮಕ್ಕಳ ಬಗ್ಗೆ ಇರುವ ಭಾಗ ಮಾತ್ರ ಬಿಡಬೇಡಿ.

ಜನರದ್ದೇ ತಪ್ಪು ಅಂತಲೂ ಹೇಳಲಾರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ, ಸಾಧ್ಯವಿದ್ದ ಕಡೆ ಮೊದಲು ಇಬ್ಬರನ್ನೂ ಕೂಡಿಸಲು ನೋಡಿ ಅಂತ ಕೋರ್ಟಿಗೆ ಹೇಳಿದ್ದಾರೆ. ಆದರೆ 1984ರಲ್ಲಿ ಬಂದ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಓದಿದರೆ, ಅದು ಕೇಳುವುದು ವ್ಯಾಜ್ಯದ ಇತ್ಯರ್ಥವನ್ನು. ಇತ್ಯರ್ಥ ಹೇಗೆ ಬೇಕಾದರೂ ಆಗಬಹುದು. ಮತ್ತೆ ಸಂಸಾರ ಮಾಡಬಹುದು, ಜಗಳವಿಲ್ಲದೆ ಬೇರೆಯಾಗಬಹುದು, ಡೈವೋರ್ಸ್ ಬೇಡ ಆದರೆ ಸ್ವಲ್ಪ ಕಾಲ ಬೇರೆ ಇರುತ್ತೇವೆ ಅಂತಲೂ ಬರೆದುಕೊಳ್ಳಬಹುದು. ಸುಪ್ರೀಂ ಕೋರ್ಟ್ 2013ರಲ್ಲಿ ಒಂದು ಗಂಡ-ಹೆಂಡತಿ ಕೇಸಿನಲ್ಲೇ, ಆಪ್ತಸಮಾಲೋಚಕರು ರಾಜಿ ಆಗಲಿಲ್ಲ ಅಂತ ವರದಿ ಕೊಟ್ಟರೂ ಇಂಥ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳಿಸಿ ನೋಡಿ ಅಂತ ಕೌಟುಂಬಿಕ ನ್ಯಾಯಾಲಯಗಳಿಗೆ ಹೇಳಿತು.

ಇಲ್ಲೇ ಇನ್ನೊಂದು ಗೊಂದಲವಿದೆ. ಕೋರ್ಟಿನ ಆಪ್ತಸಮಾಲೋಚಕರು, ಮಧ್ಯಸ್ಥಗಾರರು, ಲೋಕ ಅದಾಲತ್, ಮೂರೂ ಒಂದೇ ಅಂದುಕೊಳ್ಳುತ್ತಾರೆ. ಸಮಾಲೋಚಕರು ಮನಸ್ಸಿನ ಮಾತು ಕೇಳುವವರು, ಸಂಬಂಧ ಉಳಿಯುತ್ತದಾ ಅಂತ ನೋಡುವವರು. ಮಧ್ಯಸ್ಥಗಾರರು ಸಾಮಾನ್ಯವಾಗಿ ಅನುಭವ ಇರುವ ವಕೀಲರು, ಅದಕ್ಕಾಗಿಯೇ 40 ಗಂಟೆಯ ತರಬೇತಿ ಪಡೆದವರು, ಇಬ್ಬರ ನಡುವೆ ಕೂತು ಒಪ್ಪಂದ ಮಾಡಿಸಲು ನೋಡುವವರು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ, ಅಂದರೆ ಅಂತಿಮ ಆದೇಶಕ್ಕೆ ಸಮ, ಮೇಲ್ಮನವಿ ಇಲ್ಲ. ರಾಷ್ಟ್ರೀಯ ಲೋಕ ಅದಾಲತ್‌ಗೆ ತಗೊಳ್ಳುವ ಕೇಸುಗಳ ಪಟ್ಟಿಯಲ್ಲಿ ‘ವೈವಾಹಿಕ ವ್ಯಾಜ್ಯಗಳು, ವಿಚ್ಛೇದನ ಹೊರತುಪಡಿಸಿ’ ಅಂತ ಇರುತ್ತದೆ. ಹಾಗಿದ್ದ ಮೇಲೆ ಅಲ್ಲಿ ಫೋಟೊ ತೆಗೆದರೆ ಒಂದಾದವರೇ ಸಿಗುತ್ತಾರೆ, ಅಲ್ವಾ? ಚೆನ್ನಾಗಿ ಬೇರೆಯಾದವರು ಆ ಕ್ಯಾಮೆರಾಕ್ಕೆ ಬೀಳುವುದೇ ಇಲ್ಲ.

ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಹೈಕೋರ್ಟ್ ಕೆಳಗೆ ಶುರುವಾಯಿತು. ಈಗ ಜಿಲ್ಲೆಗಳಲ್ಲೂ ಕೋರ್ಟ್ ಆವರಣದಲ್ಲೇ ಮಧ್ಯಸ್ಥಿಕೆ ಕೇಂದ್ರಗಳಿವೆ. ಕೋರ್ಟ್ ಕಳಿಸಿದ ಕೇಸಿಗೆ ನೀವು ದುಡ್ಡು ಕಟ್ಟಬೇಕಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ‘ಮಧ್ಯಸ್ಥಗಾರರಿಗೆ ಇಷ್ಟು ಕೊಡಬೇಕು’ ಅಂತ ಹಣ ಕೇಳಿದವರ ಸುದ್ದಿ ನನ್ನ ಕಿವಿಗೂ ಬಿದ್ದಿದೆ. ಯಾರಾದರೂ ಹಾಗೆ ಕೇಳಿದರೆ ಕೊಡಬೇಡಿ, ಸೀದಾ ಹೋಗಿ ನ್ಯಾಯಾಧೀಶರಿಗೇ ಹೇಳಿ.

ಒಳಗೆ ಏನು ನಡೆಯುತ್ತದೆ ಹೇಳುತ್ತೇನೆ. ಒಂದು ಮೇಜು, ಸುತ್ತ ನಾಲ್ಕೈದು ಕುರ್ಚಿ. ಕಟಕಟೆ ಇಲ್ಲ, ಹೆಸರು ಕೂಗುವವರಿಲ್ಲ. ಮಧ್ಯಸ್ಥಗಾರರು ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ. ನಾನು ಜಡ್ಜ್ ಅಲ್ಲ, ಯಾರದು ಸರಿ ಯಾರದು ತಪ್ಪು ಅಂತ ತೀರ್ಪು ಕೊಡಲ್ಲ, ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ, ಇಷ್ಟವಿಲ್ಲ ಅಂದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು. ಆಮೇಲೆ ಒಬ್ಬೊಬ್ಬರಾಗಿ ಮಾತಾಡಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಕೇಳಲು ಸುಲಭ. ಆದರೆ ವರ್ಷಗಟ್ಟಲೆ ಒಬ್ಬರ ಮಾತು ಒಬ್ಬರು ಪೂರ್ತಿ ಕೇಳಿರದ ಜೋಡಿಗೆ ಹತ್ತು ನಿಮಿಷ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು.

ಮಾತು ಶುರುವಾಗುವುದು ಯಾವಾಗಲೂ ಮದುವೆ ಛತ್ರದಿಂದಲೇ. ನಿಮ್ಮ ಚಿಕ್ಕಪ್ಪ ಊಟಕ್ಕೆ ಕರೆಯಲಿಲ್ಲ, ನಿಮ್ಮ ಅತ್ತಿಗೆ ಸೀರೆ ನೋಡಿ ಮೂಗು ಮುರಿದಳು, ಹೀಗೆ. ನಾನು ಕಂಡ ಒಬ್ಬ ಹಿರಿಯ ಮಧ್ಯಸ್ಥಗಾರರು ಇದನ್ನೆಲ್ಲ ತಡೆಯದೆ ಕೇಳುತ್ತಾರೆ. ಮುಂದೆ ಒಂದು ಹಾಳೆ ಇಟ್ಟುಕೊಂಡು ನಡುವೆ ಗೀಟು ಎಳೆಯುತ್ತಾರೆ. ಎಡಗಡೆ ‘ಆಗಿದ್ದು’, ಬಲಗಡೆ ‘ಆಗಬೇಕಾದ್ದು’. ಮೊದಲ ಸಲ ಎಡಗಡೆ ತುಂಬಿ ಹಿಂಬದಿಗೂ ಹೋಗುತ್ತದೆ, ಬಲಗಡೆ ಖಾಲಿ. ಎರಡನೇ ಸಲವೋ ಮೂರನೇ ಸಲವೋ ಯಾರಾದರೂ ಒಬ್ಬರು ‘ನನ್ನ ಡಿಗ್ರಿ ಸರ್ಟಿಫಿಕೇಟು ಅವರ ಮನೆ ಬೀರುವಿನಲ್ಲಿದೆ, ಅದು ಬೇಕು’ ಅನ್ನುತ್ತಾರೆ. ಬಲಗಡೆ ಮೊದಲ ಸಾಲು ಬೀಳುತ್ತದೆ. ಆಮೇಲೆ ನೋಡಿ, ಗ್ಯಾಸ್ ಕನೆಕ್ಷನ್ ಯಾರ ಹೆಸರಿಗೆ, ಕಾರಿನ ಸಾಲದ ಕಂತು ಯಾರು ಕಟ್ಟಬೇಕು, ಅಮ್ಮ ಕೊಟ್ಟ ಬಳೆ ಎಲ್ಲಿದೆ ಅಂತ ಒಂದೊಂದೇ ಬರುತ್ತವೆ.

ಇಬ್ಬರನ್ನೂ ಬೇರೆಬೇರೆಯಾಗಿ ಕರೆದು ಮಾತಾಡಿಸುವುದೂ ಉಂಟು. ನನ್ನ ಪ್ರಕಾರ ಅಸಲಿ ಕೆಲಸ ಆಗುವುದು ಅಲ್ಲೇ. ಇನ್ನೊಬ್ಬರ ಮುಂದೆ ಹೇಳಲಾಗದ್ದನ್ನು ಅಲ್ಲಿ ಹೇಳಬಹುದು. ಅದನ್ನು ಆ ಕಡೆಯವರಿಗೆ ಹೇಳಬೇಡಿ ಅಂದರೆ ಮಧ್ಯಸ್ಥಗಾರರು ಹೇಳುವಂತಿಲ್ಲ. ಹೊರಗೆ ಬೆಂಚಿನ ಮೇಲೆ ಎರಡೂ ಕಡೆಯ ತಾಯಂದಿರು, ಸೋದರಮಾವಂದಿರು ಕೂತಿರುತ್ತಾರಲ್ಲ, ಅವರ ಮುಂದೆ ಹೇಳಲಾಗದ ಮಾತಂತೂ ಇನ್ನೂ ಜಾಸ್ತಿ ಇರುತ್ತದೆ. ಹಿರಿಯರು ಬರಬಾರದು ಅಂತಲ್ಲ. ಕೆಲವೊಮ್ಮೆ ಮಾವನವರೊಬ್ಬರು ಒಳಗೆ ಬಂದು ಒಂದು ಮಾತು ಆಡಿದರೆ ಕಗ್ಗಂಟು ಬಿಚ್ಚಿಕೊಳ್ಳುತ್ತದೆ. ಆದರೆ ಎಷ್ಟು ಹೊತ್ತು, ಯಾರು ಒಳಗಿರಬೇಕು ಅನ್ನುವುದನ್ನು ಆ ಇಬ್ಬರೇ ಹೇಳಬೇಕು. ಇಬ್ಬರೇ ಇದ್ದಾಗ ಒಪ್ಪಿಕೊಂಡದ್ದು ಬೆಂಚಿನ ಹತ್ತಿರ ಬರುವಷ್ಟರಲ್ಲಿ ಮುರಿದುಬಿದ್ದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಣದ ವಿಷಯಕ್ಕೆ ಬರೋಣ. ‘ಎಷ್ಟು ಲಕ್ಷ ಕೊಡಿಸುತ್ತೀರಿ?’ ಇದು ನನ್ನ ಹತ್ತಿರ ಬರುವವರ ಮೊದಲ ಪ್ರಶ್ನೆ. ಆ ಕಡೆಯವರದು ‘ಎಷ್ಟಕ್ಕೆ ಮುಗಿಸುತ್ತೀರಿ?’ ಹೀಗೆ ಚೌಕಾಸಿಯಿಂದ ಶುರು ಮಾಡಿದರೆ ಎಲ್ಲೂ ಮುಟ್ಟುವುದಿಲ್ಲ. ಮೊದಲು ಇಬ್ಬರ ಲೆಕ್ಕವೂ ಮೇಜಿನ ಮೇಲೆ ಬರಬೇಕು. ಜೀವನಾಂಶದ ಕೇಸುಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲದರ ಪ್ರಮಾಣಪತ್ರ ಸಲ್ಲಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ರಜನೇಶ್ ಮತ್ತು ನೇಹಾ ಕೇಸಿನಲ್ಲಿ ಹೇಳಿದೆ. ಅದೇ ಕಾಗದಗಳನ್ನು ಮಧ್ಯಸ್ಥಿಕೆಗೂ ತನ್ನಿ ಅಂತ ನಾನು ಕಕ್ಷಿದಾರರಿಗೆ ಹೇಳುತ್ತೇನೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ, ಸಾಲದ ಪತ್ರ, ಮದುವೆಯಲ್ಲಿ ಕೊಟ್ಟ ಒಡವೆಯ ಪಟ್ಟಿ, ಮಗುವಿನ ಶಾಲೆ ಫೀ ರಸೀದಿ. ಸಂಬಳ ಮುಚ್ಚಿಟ್ಟು ಮಾಡಿಕೊಂಡ ಒಪ್ಪಂದ ಆಮೇಲೆ ಮತ್ತೆ ಕೋರ್ಟಿಗೇ ಬಂದು ನಿಲ್ಲುತ್ತದೆ. ಇನ್ನೊಂದು, ‘ನನಗೆ ಏನೂ ಬೇಡ, ಬಿಟ್ಟರೆ ಸಾಕು’ ಅಂತ ಹೆಣ್ಣುಮಕ್ಕಳು ಬರೆದುಕೊಟ್ಟುಬಿಡುತ್ತಾರೆ. ತನ್ನದನ್ನು ಬಿಟ್ಟುಕೊಡುವುದು ಅವಳಿಷ್ಟ, ಆದರೆ ಮಗುವಿನ ಜೀವನಾಂಶದ ಹಕ್ಕು ಅವಳು ಬರೆದುಕೊಟ್ಟ ಮಾತ್ರಕ್ಕೆ ಹೋಗುವುದಿಲ್ಲ.

ಈಗ ಮಕ್ಕಳು. ‘ಮಗು ತಾಯಿಯ ಜೊತೆ ಇರತಕ್ಕದ್ದು, ತಂದೆಗೆ ಭೇಟಿಯ ಹಕ್ಕು ಇರತಕ್ಕದ್ದು’ ಅಂತ ಎರಡು ಸಾಲಿನಲ್ಲಿ ಮುಗಿಸಿದ ಒಪ್ಪಂದಗಳನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಭೇಟಿ ಅಂದರೆ ಎಲ್ಲಿ? ಎಷ್ಟು ಹೊತ್ತು? ಕರೆದುಕೊಂಡು ಹೋಗುವವರು ಯಾರು, ವಾಪಸ್ ಬಿಡುವವರು ಯಾರು? ಒಂದು ಕೇಸು ನೆನಪಾಗುತ್ತದೆ, ಊರು ಹೆಸರು ಬೇಡ. ತಂದೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಅಂತ ಬರೆದಿದ್ದರು. ಆ ಶಾಲೆಗೆ ಶನಿವಾರ ಬೆಳಿಗ್ಗೆ ತರಗತಿ ಇತ್ತು. ತಂದೆ 9 ಗಂಟೆಗೆ ಗೇಟಿನ ಮುಂದೆ, ಮಗು ಶಾಲೆಯೊಳಗೆ, ತಾಯಿಗೆ ಫೋನು, ‘ಬೇಕಂತಲೇ ಮಾಡಿದ್ದೀಯ’. ಅಲ್ಲಿಂದ ಮತ್ತೆ ಕೋರ್ಟು. ಬರೆಯುವಾಗ ಒಬ್ಬರು ಶಾಲೆಯ ಟೈಮ್ ಟೇಬಲ್ ಕೇಳಿದ್ದರೆ ಮುಗಿದುಹೋಗುತ್ತಿತ್ತು.

ಒಳ್ಳೆಯ ಮಧ್ಯಸ್ಥಿಕೆಯಲ್ಲಿ ಇದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಬೇಕು. ದಸರಾ ರಜೆ ಯಾರ ಜೊತೆ, ಬೇಸಿಗೆ ರಜೆಯನ್ನು ಹೇಗೆ ಹಂಚುವುದು, ಹುಟ್ಟುಹಬ್ಬ ವರ್ಷ ಬಿಟ್ಟು ವರ್ಷವಾ ಅಥವಾ ಅರ್ಧ ದಿನ ಅರ್ಧ ದಿನವಾ. ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ ಹೋಗಬಹುದಾ. ರಾತ್ರಿ ಜ್ವರ ಬಂದರೆ ಎಷ್ಟು ಹೊತ್ತಿನೊಳಗೆ ಇನ್ನೊಬ್ಬರಿಗೆ ತಿಳಿಸಬೇಕು. ವಿಡಿಯೊ ಕಾಲ್ ಎಷ್ಟು ಗಂಟೆಗೆ, ಆಗ ಅಜ್ಜಿ ಪಕ್ಕದಲ್ಲಿ ಕೂತು ‘ಅಪ್ಪನಿಗೆ ಇದು ಹೇಳು, ಅದು ಕೇಳು’ ಅಂತ ಹೇಳಿಕೊಡಬಾರದು. ಪಾಸ್‌ಪೋರ್ಟ್ ಮಾಡಿಸಬೇಕಾದರೆ ಸಹಿ ಯಾರದು. ಇಂಥ ವಿಷಯಕ್ಕೆ ಕೋರ್ಟಿನ ಆದೇಶದಲ್ಲಿ ಜಾಗ ಸಿಗುವುದು ಕಷ್ಟ, ನ್ಯಾಯಾಧೀಶರ ಮುಂದೆ ಅವತ್ತು ಇನ್ನೂ ಎಷ್ಟೋ ಕೇಸುಗಳಿರುತ್ತವೆ. ಮೇಜಿನ ಸುತ್ತ ಕೂತರೆ ಮಾತ್ರ ಇದೆಲ್ಲ ಬರೆಯಬಹುದು. ಮತ್ತೆ, ಮಗುವನ್ನು ಆ ಕೋಣೆಗೆ ಕರೆತಂದು ‘ನಿನಗೆ ಅಪ್ಪ ಬೇಕಾ ಅಮ್ಮ ಬೇಕಾ’ ಅಂತ ಕೇಳುವ ಚಾಳಿ ಇನ್ನೂ ಇದೆ. ದೊಡ್ಡವರೇ ತೀರ್ಮಾನ ಮಾಡಲಾಗದ್ದನ್ನು ಏಳು ವರ್ಷದ ಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ? ಮಗುವಿನ ಮನಸ್ಸು ತಿಳಿಯಲೇಬೇಕು ಅಂದರೆ ಅದನ್ನು ಬೇರೆಯಾಗಿ, ತಿಳಿದವರೊಬ್ಬರು, ಆಟ ಆಡಿಸುತ್ತಾ ಕೇಳಬೇಕು.

ಗುಟ್ಟಿನ ಬಗ್ಗೆ ಎರಡು ಮಾತು. ಒಳಗೆ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ಸಾಕ್ಷಿಯಾಗಿ ತರುವಂತಿಲ್ಲ. ಇತ್ಯರ್ಥ ಆಗದಿದ್ದರೆ ಮಧ್ಯಸ್ಥಗಾರರು ‘ಆಗಲಿಲ್ಲ’ ಅಂತಷ್ಟೇ ಬರೆದು ಕಳಿಸಬೇಕು, ಯಾರು ಏನು ಹೇಳಿದರು, ಯಾರಿಂದ ಮುರಿದುಬಿತ್ತು ಅಂತ ಬರೆಯಬಾರದು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟ ಮಾಡಿದೆ. ಹಾಗಾಗಿ ‘ಹತ್ತು ಲಕ್ಷ ಕೊಡುತ್ತೇನೆ ಅಂದಿದ್ದ ಸ್ವಾಮಿ’ ಅಂತ ನ್ಯಾಯಾಧೀಶರ ಮುಂದೆ ಹೇಳಿ ಪ್ರಯೋಜನವಿಲ್ಲ. ಜೇಬಿನಲ್ಲಿ ಫೋನ್ ರೆಕಾರ್ಡಿಂಗ್ ಹಾಕಿಕೊಂಡು ಕೂರುವವರಿಗೂ ಇದನ್ನೇ ಹೇಳುತ್ತೇನೆ. ಸುಮ್ನೆ ಬ್ಯಾಟರಿ ದಂಡ, ಜೊತೆಗೆ ನಂಬಿಕೆಯೂ ಹೋಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊಡೆತ ಬಡಿತ ಇರುವ ಕಡೆ, ಪ್ರಾಣಭಯ ಇರುವ ಕಡೆ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ‘ಅಡ್ಜಸ್ಟ್ ಮಾಡ್ಕೊಳಮ್ಮ’ ಅನ್ನುವುದು ಮಧ್ಯಸ್ಥಿಕೆ ಅಲ್ಲ, ದಬ್ಬಾಳಿಕೆಗೆ ಸಾಥ್ ಕೊಟ್ಟಂತೆ. ಅವನು ಕಣ್ಣು ಬಿಟ್ಟರೆ ಇವಳ ಬಾಯಿ ಕಟ್ಟುತ್ತದೆ. ಅಲ್ಲಿ ಹುಟ್ಟುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅಂಥ ಕಡೆ ಮೊದಲು ಬೇಕಾದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ರಕ್ಷಣೆ. ಆಮೇಲೂ ಅವಳಾಗಿ ಮಾತುಕತೆ ಬೇಕು ಅಂದರೆ ಬೇರೆಬೇರೆ ಕೋಣೆ, ಬೇರೆಬೇರೆ ಸಮಯ, ಜೊತೆಗೆ ಅವಳ ವಕೀಲರು. ಆದ್ದರಿಂದ ಮಧ್ಯಸ್ಥಗಾರರು ಮೊದಲ ದಿನವೇ ಇಬ್ಬರನ್ನೂ ಬೇರೆಯಾಗಿ ಕರೆದು ‘ನಿಮಗೆ ಇವರ ಭಯ ಇದೆಯಾ?’ ಅಂತ ಕೇಳಬೇಕು. ಎಲ್ಲರೂ ಕೇಳುವುದಿಲ್ಲ. ಕೇಳದಿದ್ದರೆ ನೀವೇ ಹೇಳಿ. ವಕೀಲರನ್ನು ಇಡಲು ದುಡ್ಡಿಲ್ಲ ಅಂತ ಯಾವ ಹೆಣ್ಣುಮಗಳೂ ಸುಮ್ಮನಿರಬೇಕಿಲ್ಲ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಫೋನ್ ನಂಬರ್ 15100. ಮಹಿಳಾ ಸಹಾಯವಾಣಿ 181.

ವಕೀಲರೇ ಕೇಸು ಮುಗಿಯಲು ಬಿಡಲ್ಲ ಅನ್ನುತ್ತಾರೆ. ಅರ್ಧ ನಿಜ, ಅಂಥವರು ನಮ್ಮಲ್ಲಿ ಇದ್ದಾರೆ. ಆದರೆ ಒಪ್ಪಂದ ಓದದೆ ಸಹಿ ಹಾಕಿಸುವ ವಕೀಲರಿಗಿಂತ, ‘ಈ ಸಾಲು ಬೇಡ, ನಾಳೆ ತೊಂದರೆ’ ಅಂತ ಅಡ್ಡ ಬರುವ ವಕೀಲರೇ ವಾಸಿ.

ಊರಿನ ಹಿರಿಯರ ಪಂಚಾಯಿತಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಛಾಪಾ ಕಾಗದದ ಮೇಲೆ ‘ಇಂದಿನಿಂದ ನಮ್ಮಿಬ್ಬರಿಗೂ ಸಂಬಂಧವಿಲ್ಲ’ ಅಂತ ಬರೆಸಿ, ನೋಟರಿ ಮುದ್ರೆ ಹಾಕಿಸಿ, ಐದು ಜನ ಸಾಕ್ಷಿ ಹಾಕಿದರೆ ಡೈವೋರ್ಸ್ ಆಯಿತು ಅಂದುಕೊಂಡವರು ಈಗಲೂ ಬರುತ್ತಾರೆ. ಆ ಸಮುದಾಯದಲ್ಲಿ ಹಿಂದಿನಿಂದ ಅಂಥ ರೂಢಿ ಇದೆ ಅಂತ ಸಾಬೀತು ಮಾಡಿದರೆ ಬೇರೆ ಮಾತು. ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಅದನ್ನು ನಂಬಿ ಎರಡನೇ ಮದುವೆಯಾದರೆ ಹೊಸ ಕೇಸು.

ಕೋರ್ಟಿನ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾದರೂ ಅವತ್ತೇ ಡೈವೋರ್ಸ್ ಸಿಗುವುದಿಲ್ಲ. ಬೇರೆಯಾಗುವುದಕ್ಕೇ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಅದಕ್ಕೆ ಮುಂಚೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ರಾಜಿಯ ಪ್ರಯತ್ನಗಳೆಲ್ಲ ಮುಗಿದು, ಹಣ, ಮಕ್ಕಳು ಎಲ್ಲಾ ಇತ್ಯರ್ಥವಾಗಿ, ಒಂದೂವರೆ ವರ್ಷದಿಂದ ಬೇರೆ ಇದ್ದವರಿಗೆ ಕೋರ್ಟ್ ಈ ಆರು ತಿಂಗಳನ್ನು ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಅಮರ್‌ದೀಪ್ ಸಿಂಗ್ ಕೇಸಿನಲ್ಲಿ ಹೇಳಿತು. ಮಧ್ಯಸ್ಥಿಕೆಯಲ್ಲಿ ಎಲ್ಲವನ್ನೂ ಬಿಡಿಸಿ ಬರೆದುಕೊಂಡವರಿಗೆ ಇದು ದೊಡ್ಡ ಅನುಕೂಲ. ಇನ್ನೊಂದು ಎಚ್ಚರ ಬೇಕು. ಡಿಕ್ರಿ ಆಗುವವರೆಗೆ ಒಬ್ಬರು ಒಪ್ಪಿಗೆ ವಾಪಸ್ ತಗೊಳ್ಳಬಹುದು. ಅದಕ್ಕೇ ಹಣವನ್ನು ಒಂದೇ ಸಲ ಕೊಡುವುದಿಲ್ಲ, ಅರ್ಜಿ ಹಾಕುವ ದಿನ ಒಂದು ಡಿಡಿ, ಕೊನೆಯ ದಿನ ಕೋರ್ಟಿನಲ್ಲೇ ಇನ್ನೊಂದು ಡಿಡಿ ಅಂತ ಬರೆಯುವುದು ರೂಢಿ. ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಕೇಸು, ಹಳೆಯ ದಂಡ ಸಂಹಿತೆಯ 498ಎ ಕಲಂ, ಇದ್ದರೆ ‘ವಾಪಸ್ ತಗೊಳ್ಳುತ್ತೇನೆ’ ಅಂತ ಬರೆದರೆ ಸಾಲದು. ನಮ್ಮ ರಾಜ್ಯದಲ್ಲಿ ಅದನ್ನು ಕೆಳ ಕೋರ್ಟಿನಲ್ಲಿ ರಾಜಿ ಮಾಡಿ ಮುಗಿಸಲಾಗದು. ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಯಾರ ಖರ್ಚಿನಲ್ಲಿ, ಎಷ್ಟು ದಿನದೊಳಗೆ, ಹೆಂಡತಿ ಅಲ್ಲಿಗೆ ಬಂದು ಸಹಿ ಹಾಕಬೇಕಾದರೆ ಪ್ರಯಾಣದ ಖರ್ಚು ಯಾರದು, ಇದನ್ನೆಲ್ಲ ಒಪ್ಪಂದದಲ್ಲೇ ಬರೆಸಿ.

ಎಲ್ಲಾ ಕೇಸುಗಳೂ ಅಲ್ಲಿ ಮುಗಿಯುವುದಿಲ್ಲ, ಅದೂ ಸರಿಯೇ. ಹಣದ ಬಗ್ಗೆ ಒಪ್ಪಲಿಲ್ಲ, ಮಗುವಿನ ವೇಳಾಪಟ್ಟಿಗೆ ಒಪ್ಪಿದರು ಅಂದರೆ ಅಷ್ಟನ್ನೇ ಬರೆದುಕೊಂಡು, ಉಳಿದದ್ದನ್ನು ಕೋರ್ಟಿನಲ್ಲಿ ನಡೆಸಬಹುದು. ಮಗು ಬೆಳೆದ ಹಾಗೆ ವೇಳಾಪಟ್ಟಿಯೂ ಬದಲಾಗಬೇಕು. ನಾಲ್ಕು ವರ್ಷದ ಮಗುವಿಗೆ ಬರೆದದ್ದು ಹನ್ನೆರಡು ವರ್ಷಕ್ಕೆ ನಡೆಯುವುದಿಲ್ಲ. ಆಗ ಮತ್ತೆ ಬಂದು ಕೂರುತ್ತೇವೆ ಅಂತ ಒಂದು ಸಾಲು ಈಗಲೇ ಸೇರಿಸಿಕೊಂಡಿರುವುದು ಒಳ್ಳೆಯದು.

ಕೊನೆಗೆ ಕೋರ್ಟಿನವರಿಗೆ ಒಂದು ದೂರು, ನಿಮ್ಮ ಪತ್ರಿಕೆಯ ಮೂಲಕವೇ ತಲುಪಲಿ. ಮಾತುಕತೆ ಎಲ್ಲಾ ಕನ್ನಡದಲ್ಲಿ ನಡೆಯುತ್ತದೆ, ಅಳುವುದು ಬೈಯುವುದು ಎಲ್ಲಾ ಕನ್ನಡದಲ್ಲೇ, ಆಮೇಲೆ ಟೈಪ್ ಆಗಿ ಬರುವ ಒಪ್ಪಂದ ಮಾತ್ರ ಎಷ್ಟೋ ಸಲ ಇಂಗ್ಲಿಷಿನಲ್ಲಿ. ಅದರಲ್ಲೂ ಹಳೇ ಕೇಸಿನ ಪ್ಯಾರಾಗಳನ್ನೇ ತೆಗೆದು ಅಂಟಿಸಿರುತ್ತಾರೆ. ಗಂಡು ಮಗು ಇದ್ದವರ ಒಪ್ಪಂದದಲ್ಲಿ ‘ಮಗಳು’ ಅಂತ ಇದ್ದದ್ದನ್ನು ನಾನೇ ತಿದ್ದಿಸಿದ್ದೇನೆ. ಅರ್ಥವಾಗದ ಕಾಗದಕ್ಕೆ ಇಬ್ಬರೂ ಸಹಿ ಹಾಕಿ ಹೋಗುತ್ತಾರೆ. ಒಪ್ಪಂದವನ್ನು ಕನ್ನಡದಲ್ಲೇ ಬರೆಯುವ ವ್ಯವಸ್ಥೆ ಎಲ್ಲಾ ಕೇಂದ್ರಗಳಲ್ಲೂ ಆಗಬೇಕು. ಅಲ್ಲಿಯವರೆಗೆ, ಅಂಥ ಕೋಣೆಗೆ ಹೋಗಬೇಕಾದ ಓದುಗರು ಯಾರಾದರೂ ಇದ್ದರೆ, ಸಹಿ ಹಾಕುವ ಮುಂಚೆ ‘ಪ್ರತಿ ಸಾಲೂ ಕನ್ನಡದಲ್ಲಿ ಓದಿ ಹೇಳಿ’ ಅಂತ ಕೇಳಿ. ಒಂದು ಪ್ರತಿ ಮನೆಗೆ ತಗೊಂಡು ಹೋಗಿ ಒಂದು ರಾತ್ರಿ ಓದಿ, ಮರುದಿನ ಬಂದು ಸಹಿ ಹಾಕಿದರೂ ನಡೆಯುತ್ತದೆ.

— ಒಬ್ಬ ವಕೀಲೆ